ಟಾಪ್ ಗೇರಿನ ರಸ್ತೆ

ಕಾಳಿ ಹೊಳೆಯ ಗುಂಟ ಸೈಕಲ್ಲಿನಲ್ಲಿ ಹೋಗಬೇಕೆಂದು ನಾನು ಮೊದಲು ಮಾಡಿದ ಯೋಜನೆಯಲ್ಲಿ ‘ಜನ’ ಎಂಬ ಕಾಲಮಿನ ಕೆಳಗೆ ‘1’ ಎಂದಿತ್ತು. ಲ್ಯಾಪ್‌ಟಾಪಿನಲ್ಲಿ ತಯಾರಿಸಿದ ಹಾಳೆ ಅದು. ಊರು, ಹಿಂದಿನ ಊರಿನಿಂದ ದೂರ, ತಲುಪುವ ಹೊತ್ತು, ಕುಡಿಯುವ ನೀರು ಎಲ್ಲಿ, ಪಂಕ್ಚರ್ ಹಾಕುವವರಿದ್ದಾರೆಯೇ, ಮೊಬೈಲಿಗೆ ಸಿಗ್ನಲ್ ಇದೆಯೇ, ರಸ್ತೆಯಿಂದ ಹೊಳೆ ಕಾಣುತ್ತದೆಯೇ ಎಂದು ಒಂದರ ಪಕ್ಕ ಒಂದು ಕಾಲಮು. ಹೊಳೆ ಕಾಣದ ಸಾಲುಗಳಿಗೆ ಬೂದು ಬಣ್ಣ ಹಾಕಿದ್ದೆ. ಕಾಳಿ ಮಧ್ಯದಲ್ಲಿ ಬಹಳ ದೂರ ರಸ್ತೆಯನ್ನು ಬಿಟ್ಟು ತನ್ನ ಕಣಿವೆಯಲ್ಲೇ ಹರಿಯುವುದರಿಂದ ಹಾಳೆಯ ನಡುಭಾಗವೆಲ್ಲ ಬೂದಾಗಿ ಕಾಣುತ್ತಿತ್ತು.

ನಮ್ಮ ಮನೆ ಕಾರವಾರದ ಕೋಡಿಬಾಗದಲ್ಲಿ, ಹೊಳೆ ಸಮುದ್ರ ಸೇರುವ ಜಾಗದ ಹತ್ತಿರ. ಅಲ್ಲಿಂದ ಹೊರಟು ಕದ್ರಾ ದಾಟಿ, ಅಣಶಿ ಘಟ್ಟ ಹತ್ತಿ, ಜೋಯಿಡಾದ ಮೇಲೆ ದಿಗ್ಗಿಯ ತನಕ ಹೋಗುವುದು. ನಕ್ಷೆಯಲ್ಲಿ ಕಾಳಿಯ ನೀಲಿ ಗೆರೆ ಶುರುವಾಗುವುದು ಅಲ್ಲಿ. ಡಿಸೆಂಬರಿನ ರಜೆಯಲ್ಲಿ ಐದು ದಿನ. ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ದಿನಕ್ಕೆ ನಾಲ್ಕು ತಾಸು ಮಾತಾಡುವುದೇ ಕೆಲಸವಾದ್ದರಿಂದ, ಯಾರೊಡನೆಯೂ ಮಾತಾಡಬೇಕಿಲ್ಲದ ಐದು ದಿನಗಳನ್ನು ಎರಡು ವರ್ಷದಿಂದ ಮನಸ್ಸಿನಲ್ಲಿ ಎತ್ತಿಟ್ಟುಕೊಂಡಿದ್ದೆ.

ಮನೆಯಲ್ಲಿ ಹೇಳಿದಾಗ ಅಮ್ಮ ಕೇಳಿದ್ದು ಮೂರೇ ಪ್ರಶ್ನೆ.

“ಒಬ್ಬಳೇ?”

“ಒಬ್ಬಳೇ.”

“ಎಂತಕ್ಕೆ? ಅಲ್ಲಿಗೆ ಬಸ್ಸು ಹೋಗೂದಿಲ್ವಾ?”

ಅಪ್ಪ ಪೇಪರನ್ನು ಸ್ವಲ್ಪ ಕೆಳಗಿಳಿಸಿ, “ಯಾವ ರಸ್ತೆ?” ಎಂದ. ನಾನು ನಕ್ಷೆಯ ಪ್ರಿಂಟು ಕೊಟ್ಟೆ.

ಅಪ್ಪ ಇಪ್ಪತ್ತೆರಡು ವರ್ಷ ಕೈಗಾ ಅಣುಸ್ಥಾವರದ ನೌಕರರ ಬಸ್ಸು ಓಡಿಸಿದವನು. ನಿವೃತ್ತನಾಗಿ ಆಗ ಒಂದು ವರ್ಷವಾಗಿತ್ತು. ಬೆಳಗಿನ ಪಾಳಿಯವರನ್ನು ಕಾರವಾರದಲ್ಲಿ ಹತ್ತಿಸಿಕೊಂಡು ಹೊಳೆಯ ಬದಿಯ ರಸ್ತೆಯಲ್ಲಿ ಮೇಲೆ ಹೋಗುವುದು, ಸಂಜೆ ಅವರನ್ನೇ ಕೆಳಗೆ ತರುವುದು. ದಾರಿಯ ಊರುಗಳು ಅವನ ಬಾಯಲ್ಲಿ ಊರುಗಳೇ ಅಲ್ಲ. ಒಂದು ಕೊಡೆ ಮೇಡಮ್ಮಿನ ಸ್ಟಾಪು, ಒಂದು ಇಬ್ಬರು ವೆಲ್ಡರುಗಳ ಸ್ಟಾಪು, ಇನ್ನೊಂದು ಓಡಿ ಬರುವವರ ಸ್ಟಾಪು. ಸರಿಯಾದ ಹೊತ್ತಿಗೆ ಬಂದು ಸರಿಯಾದ ಹೊತ್ತಿಗೆ ಬಿಡುವುದು ಬಿಟ್ಟರೆ ಬೇರೆ ಯಾವುದನ್ನೂ ಅವನು ಹೆಮ್ಮೆಯಿಂದ ಹೇಳಿಕೊಂಡದ್ದು ನಾನು ಕೇಳಿಲ್ಲ.

ಎರಡು ದಿನ ಬಿಟ್ಟು ನಕ್ಷೆ ನನ್ನ ಮೇಜಿಗೆ ವಾಪಸು ಬಂತು. ರಸ್ತೆಯ ಗೆರೆಯ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದ ಅಂಕಿಗಳಿದ್ದವು: 5, 5, 4, 5, 3, 5. ರಸ್ತೆಗೆ ಕೊಟ್ಟ ಅಂಕಗಳಿರಬೇಕು ಎಂದುಕೊಂಡೆ.

“ಇದು ಎಂತ ಅಪ್ಪಾ?”

“ಗೇರು.”

“ಗೇರಾ?”

“ಎಲ್ಲೆಲ್ಲಿ ಯಾವ ಗೇರು ಹೇಳಿ ಬರ್ದದ್ದು. ಮೂರಿದ್ದಲ್ಲಿ ಚಡಾವು. ಐದು ಅಂದ್ರೆ ಟಾಪು, ಸಪಾಟು ರಸ್ತೆ. ನಿದ್ದೆ ಮಾಡ್ಕಂಡು ಹೋಗ್ಬಹುದು.”

“ಹಂಗಾರೆ ಇಷ್ಟು ವರ್ಷ ನಿದ್ದೆ ಮಾಡ್ಕಂಡೇ ಓಡ್ಸಿದ್ರಿ ಅನ್ನಿ,” ಎಂದಳು ಅಮ್ಮ ಒಳಗಿನಿಂದ.

“ಸೀಟಲ್ಲಿ ಕೂತವ್ರ ಬಗ್ಗೆ ಹೇಳ್ದೆ ನಾನು.”

ನನಗೆ ಬೇಕಾಗಿದ್ದ ಮಾಹಿತಿ ಅದೇ. ಸೈಕಲ್ ಯಾತ್ರೆ ಮಾಡುವವರಿಗೆ ದೂರಕ್ಕಿಂತ ಏರು ಮುಖ್ಯ. ಹಾಳೆಯಲ್ಲಿ ಹೊಸ ಕಾಲಮು ಸೇರಿಸಿ ಅವನ ಅಂಕಿಗಳನ್ನು ಒಂದೊಂದಾಗಿ ತುಂಬಿದೆ. ಅವು ಕದ್ರಾದಲ್ಲಿ ನಿಂತುಬಿಟ್ಟಿದ್ದವು. ಅಲ್ಲಿ ರಸ್ತೆ ಕವಲಾಗುತ್ತದೆ, ಒಂದು ಕೈಗಾಕ್ಕೆ, ಇನ್ನೊಂದು ಅಣಶಿ ಘಟ್ಟಕ್ಕೆ.

“ಮುಂದೆ?”

“ಮುಂದೆ ನಂಗೊತ್ತಿಲ್ಲ ತಂಗಿ. ಆ ಬದಿಗೆ ಇಂಡಿಕೇಟರ್ ಹಾಕಿದ್ದೇ ಇಲ್ಲ.” ನಮ್ಮ ಕಡೆ ಮಗಳನ್ನೂ ತಂಗಿ ಎಂದೇ ಕರೆಯುವುದು.

ನಂಬಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಅಷ್ಟು ವರ್ಷ ದಿನಾ ಆ ಕವಲಿನ ತನಕ ಹೋಗಿ ಒಂದೇ ಕಡೆಗೆ ತಿರುಗಿದವನು ಅವನು. ರಜೆಯ ದಿನ ಮತ್ತೆ ರಸ್ತೆ ನೋಡಲು ಹೋಗುವ ಮನಸ್ಸು ಯಾವ ಡ್ರೈವರಿಗೂ ಇರುವುದಿಲ್ಲವಂತೆ. ಅವನ ಬೆರಳು ಕದ್ರಾದಿಂದ ನೀಲಿ ಗೆರೆಯ ಮೇಲೆಯೇ ನಿಧಾನವಾಗಿ ಹತ್ತಿ ದಿಗ್ಗಿಯಲ್ಲಿ ನಿಂತಿತು.

“ಇಲ್ಲಿ ಎಷ್ಟು ಅಗಲ ಇರಬಹುದು ಹೊಳೆ? ಕಾಲಲ್ಲಿ ದಾಟೂಕೆ ಬರ್ತದಾ?”

“ಬರಬಹುದು.”

“ಹೌದಾ,” ಎಂದು ನಕ್ಷೆಯನ್ನು ನನ್ನದೇ ಮಡಿಕೆಗಳ ಮೇಲೆ ಮಡಿಸಿ ಕೊಟ್ಟ. ಅದು ಅವನು ಕೇಳುವ ರೀತಿ ಎಂದು ಆಗ ನನಗೆ ತಿಳಿಯಲಿಲ್ಲ.

ಆ ವಾರದಿಂದ ಅಪ್ಪ ಪ್ರತಿ ಗುರುವಾರ ತರಕಾರಿಗೆಂದು ಅಂಕೋಲೆಗೆ ಹೋಗತೊಡಗಿದ. ಬೆಳಿಗ್ಗೆ ಬಸ್ಸಿಗೆ ಹೋಗಿ, ಮಧ್ಯಾಹ್ನ ಹರಿವೆ, ಬಸಳೆ, ಮೊಗೆಕಾಯಿ ಹಿಡಿದು ಬರುತ್ತಿದ್ದ. ನಮ್ಮ ಮನೆಯಲ್ಲಿ ಇದು ವಿಚಿತ್ರವೇನಲ್ಲ. ಅಮ್ಮ ಅಂಕೋಲೆ ಹತ್ತಿರದ ಬೆಳಂಬಾರದವಳು. ಕಾರವಾರದಲ್ಲಿ ಸಿಗುವ ಬಸಳೆಯನ್ನು ಬಸಳೆ ಎಂದು ಅವಳು ಇವತ್ತಿಗೂ ಒಪ್ಪಿಕೊಂಡಿಲ್ಲ. ಮೊದಮೊದಲು ಮಾತ್ರ ಅಪ್ಪನ ಪ್ಯಾಂಟಿನ ಬಲಗಾಲಿನ ತುದಿಯಲ್ಲಿ ಗುರುವಾರಕ್ಕೊಂದು ಕಪ್ಪು ಎಣ್ಣೆಯ ಕಲೆ ಬೀಳುತ್ತಿತ್ತು. ಅಮ್ಮ ಅದನ್ನು ತಿಕ್ಕುತ್ತಾ ಅಂಕೋಲೆಯ ಬಸ್ಸುಗಳನ್ನು ಬೈಯುತ್ತಿದ್ದಳು.

ಗುಟ್ಟು ಬಿಚ್ಚಿದ್ದು ನಮ್ಮ ಓಣಿಗೆ ಮೀನು ತರುವ ಹಾರವಾಡದ ಹೆಂಗಸು.

“ಅಕ್ಕಾ, ನಿಮ್ಮ ಯಜಮಾನ್ರಿಗೆ ಎಂತ ಆಯ್ತು?” ಎಂದು ಬುಟ್ಟಿ ಇಳಿಸುತ್ತಲೇ ಕೇಳಿದಳು.

“ಎಂತ ಆಗೂದು?”

“ಮೊನ್ನೆ ನಮ್ಮೂರ ರಸ್ತೆಲಿ ಸೈಕಲ್ ಹೊಡೀತಿದ್ರು. ನಾ ಬುಟ್ಟಿ ಹೊತ್ಕಂಡು ಬಸ್ಸಿಗೆ ಓಡೂದು, ಇವ್ರು ಎದ್ರಿಂದ ಬರೂದು. ಸೈಕಲ್ಲಿಗೆ ಗಂಟೆ ಇಲ್ಲ. ಬಾಯಲ್ಲೇ ಪೋಂ ಪೋಂ ಹೇಳ್ತಾ ಬಂದ್ರು.”

ಬಂಗಡೆಯ ಕಿವಿರು ಎತ್ತಿ ನೋಡುತ್ತಿದ್ದ ಅಮ್ಮನ ಕೈ ಹಾಗೇ ನಿಂತಿತು. “ನಮ್ಮವ್ರಾ? ಬೇರೆ ಯಾರೋ ಇರ್ಬೇಕು.”

“ಇಷ್ಟು ವರ್ಷ ನೋಡಿದ ಮೋರೆ ಅಲ್ವಾ ಅಕ್ಕಾ. ಚಡ್ಡಿ ಬೇರೆ ಹಾಕಿದ್ರು.”

ಅಮ್ಮ ಬೆಳಂಬಾರದ ತನ್ನ ಅಣ್ಣನಿಗೆ ಫೋನು ಮಾಡಿದಳು. ಮಾವ ಸ್ವಲ್ಪ ಹೊತ್ತು ಹವಾಮಾನದ ಬಗ್ಗೆ ಮಾತಾಡಿ ಕೊನೆಗೆ ಒಪ್ಪಿಕೊಂಡ. ಅವನ ಕೊಟ್ಟಿಗೆಯಲ್ಲಿ ಬಿದ್ದಿದ್ದ ಅಪ್ಪನ ಹಳೆಯ ಕರಿ ಸೈಕಲ್ಲಿಗೆ ಅಂಕೋಲೆಯಲ್ಲಿ ಹೊಸ ಟೈರು, ಚೈನು ಹಾಕಿಸಿದ್ದಾಗಿತ್ತು. “ಭಾವ ಯಾರಿಗೂ ಹೇಳ್ಬೇಡ ಹೇಳಿದ್ರು. ಕಾರವಾರದಲ್ಲಿ ಸೈಕಲ್ ಹೊಡ್ಯೂಕೆ ಹೋಗಿ ಬಿದ್ರೆ ಮರುದಿನ ಮೂರೂ ಪಾಳಿಗೆ ಸುದ್ದಿ ಮುಟ್ತದಂತೆ.”

ಅಮ್ಮ ಫೋನು ಇಟ್ಟು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನನಗೂ ನಗು ಬಂತು. ಅದರ ಹಿಂದೆಯೇ ಕಸಿವಿಸಿಯೂ ಬಂತು. ಅದನ್ನು ಬಿಟ್ಟು ಬರೆದರೆ ಸರಿಯಾಗುವುದಿಲ್ಲ. ಅಪ್ಪನಿಗೆ ಬರುವ ಆಸೆಯಿದೆ. ಅವನಾಗಿ ಕೇಳುವವನಲ್ಲ, ನಾನು ಕರೆಯದಿದ್ದರೆ ಬರುವವನೂ ಅಲ್ಲ. ಆ ಐದು ದಿನಗಳಾದರೋ ನನ್ನವು. ಎರಡನ್ನೂ ತೂಗಿ ನೋಡಿ ನಾನು ಏನೂ ಗೊತ್ತಿಲ್ಲದವಳ ಹಾಗೆ ಸುಮ್ಮನಿದ್ದೆ. ಅಮ್ಮನಿಗೂ ಸುಮ್ಮನಿರಲು ಹೇಳಿದೆ.

ನವೆಂಬರಿನ ಒಂದು ಭಾನುವಾರ ಕದ್ರಾದ ತನಕ ಹೋಗಿಬರುವುದೆಂದು ಗೊತ್ತುಮಾಡಿದ್ದೆ. ಸಾಮಾನು ಕಟ್ಟಿಕೊಂಡು ಎಷ್ಟು ವೇಗ ಸಿಗುತ್ತದೆ ಎಂದು ನೋಡುವುದಿತ್ತು. ಬೆಳಿಗ್ಗೆ ಆರಕ್ಕೆ ಗೇಟು ತೆಗೆದರೆ ಹೊರಗೆ ಅಪ್ಪ, ಕರಿ ಸೈಕಲ್ಲು ಹಿಡಿದು ನಿಂತಿದ್ದಾನೆ. ಹಿಂದಿನ ಸಂಜೆ ಮಾವ ಅದನ್ನು ರಿಕ್ಷಾದಲ್ಲಿ ಕಳಿಸಿ, ಪಕ್ಕದ ಮನೆಯಲ್ಲಿ ಇಡಿಸಿದ್ದನಂತೆ.

“ನಂಗೂ ಆ ಬದಿಗೇ ಹೋಗೂದಿತ್ತು,” ಎಂದ.

“ಸರಿ,” ಎಂದೆ.

ಮೊದಲ ಒಂದು ತಾಸು ಚೆನ್ನಾಗಿತ್ತು. ಅಪ್ಪ ಮುಂದೆ, ನಾನು ಹಿಂದೆ. ಎಡಕ್ಕೆ ಅಲ್ಲಲ್ಲಿ ಹೊಳೆ. ತಿರುವು ಬಂದಲ್ಲೆಲ್ಲ ಅಪ್ಪನ ಬಾಯಿಯ ಹಾರ್ನು. ಅದರಾಚೆ ಅವನು ನಿಧಾನವಾದ. ಮತ್ತೆ ಇಳಿದು ನೂಕತೊಡಗಿದ. ನನ್ನ ಜೇಬಿನ ಹಾಳೆ ತೆಗೆದು ನೋಡಿದೆ. ಆ ಜಾಗಕ್ಕೆ ಐದು ಎಂದಿತ್ತು. ಕಣ್ಣಿಗೆ ರಸ್ತೆ ಸಪಾಟಾಗಿಯೇ ಇತ್ತು. ಮೊಣಕಾಲಿಗೆ ಮಾತ್ರ ಗೊತ್ತಾಗುವ, ಮುಗಿಯದೇ ಮುಂದುವರಿಯುವ ಸಣ್ಣ ಏರು ಅದು. ನನ್ನ ಸೈಕಲ್ಲಿಗೆ ಗೇರುಗಳಿದ್ದವು. ಅವನದಕ್ಕೆ ಇರಲಿಲ್ಲ.

ಅದೇ ಹೊತ್ತಿಗೆ ಹಿಂದಿನಿಂದ ಕೈಗಾ ಬಸ್ಸು ಬಂತು. ಅಪ್ಪನ ಕೈಕೆಳಗೆ ಕೆಲಸ ಕಲಿತ ಡ್ರೈವರು ವೇಗ ತಗ್ಗಿಸಿ ಬಾಗಿಲ ಕಡೆ ಬಗ್ಗಿದ. ಅರ್ಧ ಬಸ್ಸು ಈ ಕಡೆ ವಾಲಿ ನೋಡಿತು.

“ಅಣ್ಣಾ, ಇಲ್ಲಿ ಸ್ಟಾಪು ಇಲ್ಲಲ್ಲ. ಹತ್ತಿ, ಸೈಕಲ್ಲು ಹಿಂದೆ ಹಾಕುವ.”

“ಎರಡು ನಿಮಿಷ ಲೇಟು ಅದೀಯೆ ನೀನು. ಹೋಗು ಹೋಗು.”

“ಟಾಪಿಗೆ ಹಾಕಿ ಅಣ್ಣಾ, ಸಪಾಟು ರಸ್ತೆ,” ಎಂದು ಅವನು ಹೋದ.

ಮಲ್ಲಾಪುರದ ಚಹದಂಗಡಿಯಲ್ಲಿ ಅಪ್ಪ ನಕ್ಷೆ ಕೇಳಿ ಇಸಕೊಂಡ. ಆ ಜಾಗದ 5 ಅನ್ನು ಹೊಡೆದುಹಾಕಿ 3 ಎಂದು ಬರೆದ.

“ಈ ಚಡಾವನ್ನ ನಾ ನೋಡಿದ್ದೇ ಇಲ್ಲ. ಇಪ್ಪತ್ತೆರಡು ವರ್ಷ ಇದೇ ರಸ್ತೆ. ಬಸ್ಸಿಗೆ ಗೊತ್ತಿತ್ತೇನೋ, ನಂಗೆ ಹೇಳ್ಲಿಲ್ಲ.”

ನಗುತ್ತಲೇ ಹೇಳಿದ. ಆದರೆ ಒಂದರ ನಂತರ ಒಂದು ಎಲ್ಲ ಅಂಕಿಗಳನ್ನೂ ಹೊಸದಾಗಿ ನೋಡುತ್ತಿದ್ದ. ಚಹ ಆರಿಹೋಯಿತು.

“ಘಟ್ಟ ಇದಕ್ಕಿಂತ ಜೋರಿರ್ತದೆ ತಂಗಿ. ನೀನು ಹೋಗಿ ಬಾ. ಫೋಟೋ ತಕ್ಕಂಡು ಬಾ. ನಾನು ರಸ್ತೆ ನೋಡೂಕೆ ಬಂದದ್ದು ಅಷ್ಟೇ.”

ಬರುವ ಆಸೆಯಿದೆ ಎಂದು ಅವನು ಬಾಯಿಬಿಟ್ಟದ್ದು ಹೀಗೆ, ಆಸೆ ಬಿಟ್ಟ ಮೇಲೆ. ಇನ್ನೊಂದು ಚಹ ಹೇಳಿದೆ. ಕದ್ರಾ ಅವತ್ತು ಆಗಲಿಲ್ಲ, ಅಲ್ಲಿಂದಲೇ ತಿರುಗಿದೆವು.

ಬರುವಾಗ ಅದೇ ಏರು ಇಳಿಜಾರಾಗಿ ನಮ್ಮನ್ನು ತಾನೇ ತಂದಿತು. ಅಪ್ಪ ಪೆಡಲು ತುಳಿಯದೆ ಸಾಗುತ್ತಿದ್ದ. ಹೊಳೆ ಈಗ ಬಲಗಡೆ ಇತ್ತು. ಒಂದು ಕಡೆ ರಸ್ತೆ ದಂಡೆಗೆ ಹತ್ತಿರ ಬಂದಾಗ ಅವನು ಹಿಂತಿರುಗದೆಯೇ ಹೇಳಿದ:

“ಬೆಳಗಿನ ಟ್ರಿಪ್ಪಲ್ಲಿ ಹೊಳೆ ಪ್ಯಾಸೆಂಜರ್ ಬದಿಗೆ. ಸಂಜೆ ನನ್ನ ಕಿಟಕಿಗೆ. ನಾ ಹೊಳೆ ನೋಡಿದ್ದೆಲ್ಲ ಬರೂವಾಗ ಮಾತ್ರ.”

ಮತ್ತೆ ಮನೆಯ ತನಕ ಮಾತಿಲ್ಲ. ಗೇಟಿನ ಹತ್ತಿರ ಇಳಿದಾಗ ನನಗೆ ಗಮನಕ್ಕೆ ಬಂತು: ಸುಮಾರು ಒಂದೂವರೆ ತಾಸು ನಾವಿಬ್ಬರೂ ಜೊತೆಯಲ್ಲಿದ್ದೆವು, ನನ್ನ ಮೌನ ನನ್ನ ಹತ್ತಿರವೇ ಇತ್ತು. ಅದನ್ನು ಯಾರಿಂದ ಪಡೆದುಕೊಂಡಿದ್ದೇನೆ ಎಂದು ಅಷ್ಟು ವರ್ಷ ಯೋಚಿಸಿರಲಿಲ್ಲ.

ಮಧ್ಯಾಹ್ನ ಲ್ಯಾಪ್‌ಟಾಪು ತೆಗೆದು ಕೂತೆ. ಯಾತ್ರೆ ಕೋಡಿಬಾಗದಿಂದಲೇ ಶುರುವಾಗಬೇಕೆಂದು ಯಾಕೆ ಬರೆದಿದ್ದೆ? ಕಾರಣ ಹುಡುಕಿದೆ, ಸಿಗಲಿಲ್ಲ. ಹೊಳೆಯ ತುದಿಯಲ್ಲಿ ಬೆಳೆದವಳಿಗೆ ಹೊಳೆ ಅಲ್ಲಿಂದಲೇ ಶುರುವಾಗುವಂತೆ ಕಂಡಿತ್ತು, ಅಷ್ಟೇ. ಸಾಲುಗಳನ್ನೆಲ್ಲ ಆರಿಸಿ ತಲೆಕೆಳಗು ಮಾಡಿದೆ. ದಿಗ್ಗಿ ಮೇಲೆ ಬಂತು, ಕೋಡಿಬಾಗ ಕೆಳಗೆ ಹೋಯಿತು. ಘಟ್ಟದ ಮೇಲೆ ಏರುಗಳೇ ಇಲ್ಲವೆಂದಲ್ಲ, ಇವೆ. ಆದರೆ ಅಣಶಿ ಇಳಿಜಾರಾಯಿತು. ಗೇರಿಲ್ಲದ ಸೈಕಲ್ಲಿಗೆಂದು ದಿನದ ದೂರ ಕಡಿಮೆ ಮಾಡಿ ಐದು ದಿನವನ್ನು ಆರು ಮಾಡಿದೆ. ‘ಜನ’ದ ಕೆಳಗಿನ 1 ಅಳಿಸಿ 2 ಎಂದು ಬರೆಯಲು ಅರೆಕ್ಷಣ ತಡೆದೆ. ಸುಳ್ಳು ಯಾಕೆ, ಆ ಐದು ದಿನಗಳಿಗಾಗಿ ಸ್ವಲ್ಪ ಬೇಸರವೇ ಆಯಿತು. ಆಮೇಲೆ ಬರೆದೆ.

ಸೈಕಲ್ಲುಗಳನ್ನು ಮೇಲೆ ಮುಟ್ಟಿಸುವ ದಾರಿ ಹೇಳಿದ್ದು ಮೀನಿನ ಹೆಂಗಸೇ. ಅವಳ ಮೈದುನನ ಟೆಂಪೋ ವಾರಕ್ಕೆ ಮೂರು ದಿನ ಮೀನು ಹೇರಿಕೊಂಡು ಜೋಯಿಡಾಕ್ಕೆ ಹೋಗುತ್ತದೆ. ಅಲ್ಲಿಂದ ದಿಗ್ಗಿಗೆ ಜೀಪು ಸಿಗುತ್ತದೆ.

“ಮೀನಿನ ಸಂಗ್ತಿಗೆ ಹೋಗ್ಬೇಕು ತಂಗಿ, ಅಡ್ಡಿಲ್ವಾ?”

“ಅಡ್ಡಿಲ್ಲ.”

“ಅಪ್ಪಂಗೆ ಪ್ಯಾಂಟು ಹಾಕೂಕೆ ಹೇಳು. ಮೇಲೆ ಚಳಿ.”

ಹೊಸ ಹಾಳೆಯನ್ನು ಪ್ರಿಂಟು ಮಾಡಿ ಅಪ್ಪನ ಪೇಪರಿನ ಒಳಗಿಟ್ಟೆ. ಎದುರು ನಿಂತು ಹೇಳುವುದು ನನ್ನಿಂದ ಆಗುತ್ತಿರಲಿಲ್ಲ. ಅವನು ಕನ್ನಡಕ ಹಾಕಿ ಮೊದಲ ಸಾಲಿನಿಂದ ಕೊನೆಯ ತನಕ ಓದಿದ. ಮತ್ತೆ ಮೇಲಿನಿಂದ ಓದಿದ.

“ಈ ಬೂದಿ ಬಣ್ಣ ಎಂತಕ್ಕೆ?”

“ಅಲ್ಲಿ ಹೊಳೆ ಕಾಣೂದಿಲ್ಲ.”

“ನಮಗೆ ಕಾಣದಿದ್ರೆ ಹೊಳೆಗೆ ದಾರಿ ತಪ್ತದಾ?” ಎಂದ. ಕನ್ನಡಕ ತೆಗೆದಿಟ್ಟು, “ಇಳಿಯೂದಾದ್ರೆ ಬ್ರೇಕು ನೋಡ್ಬೇಕು ಹಂಗಾರೆ,” ಎಂದು ಎದ್ದು ಹೊರಗೆ ಹೋದ. ಅವತ್ತು ಸಂಜೆಯ ತನಕ ಅಂಗಳದಲ್ಲಿ ಸೈಕಲ್ಲು ತಲೆಕೆಳಗಾಗಿ ನಿಂತಿತ್ತು.

“ಆರು ದಿನ ನಾ ಎಂತ ಮಾಡೂದು ಇಲ್ಲಿ?” ಎಂದು ಅಮ್ಮ ಗೊಣಗಿದಳು. ಬೆಳಂಬಾರಕ್ಕೆ ಬರುವುದಾಗಿ ಅವಳು ಆಗಲೇ ಫೋನು ಮಾಡಿಯಾಗಿತ್ತು.

ಹೊರಟ ದಿನ ಟೆಂಪೋದ ಹಿಂಭಾಗದಲ್ಲಿ ಬಂಗಡೆಯ ಪೆಟ್ಟಿಗೆಗಳ ಮೇಲೆ ಸೈಕಲ್ಲುಗಳನ್ನು ಮಲಗಿಸಿ ಹಗ್ಗ ಬಿಗಿದೆವು. ಮುಂದೆ ಟೆಂಪೋ ಓಡಿಸುವ ಆ ಮೈದುನ, ಪಕ್ಕದಲ್ಲಿ ಅಪ್ಪ, ಬಾಗಿಲ ಹತ್ತಿರ ನಾನು. ಕದ್ರಾದ ತನಕ ಅಪ್ಪ ಆ ಮೈದುನನಿಗೆ ತನ್ನ ಸ್ಟಾಪುಗಳನ್ನೆಲ್ಲ ತೋರಿಸಿದ. ಅವನು ಪ್ರತಿಯೊಂದಕ್ಕೂ ಹೌದಾ ಹೌದಾ ಎಂದ. ಕವಲು ಹತ್ತಿರ ಬರುತ್ತಿದ್ದಂತೆ ಇಲ್ಲದ ಬ್ರೇಕನ್ನು ಅಪ್ಪನ ಬಲಗಾಲು ಒತ್ತಿದ್ದು ನನಗೆ ಕಂಡಿತು. ಟೆಂಪೋ ಅಣಶಿಯ ಕಡೆ ತಿರುಗಿತು. ಸ್ವಲ್ಪ ದೂರ ಹೋಗಿ ಏರು ಶುರುವಾದಾಗ ಡ್ರೈವರು ಗೇರು ಇಳಿಸಿದ. ಅಪ್ಪ ನನ್ನ ಕೈಯಿಂದ ನಕ್ಷೆ ತೆಗೆದುಕೊಂಡು ಮೊಣಕಾಲ ಮೇಲೆ ಬಿಡಿಸಿ, ಅಂಗಿಯ ಜೇಬಿನ ಪೆನ್ಸಿಲು ತೆಗೆದು, ಕದ್ರಾದ ಮೇಲಿನ ಖಾಲಿ ಜಾಗದಲ್ಲಿ 2 ಎಂದು ಬರೆದ.