ಪುಟ್ಟಲಕ್ಷ್ಮಿ ಮೇಡಂ ಮನೆ ಹುಡುಕಿದ್ದು

ಬಾಡಿಗೆ ಮನೆ ನೋಡಲು ಹೋದಾಗ ಪುಟ್ಟಲಕ್ಷ್ಮಿ ಮೇಡಂ ಮನೆಯನ್ನು ನೋಡುತ್ತಿರಲಿಲ್ಲ, ಮಾಲೀಕನ ಕೈ ನೋಡುತ್ತಿದ್ದರು. ಆತ ಬೀಗದ ಕೈ ಹಿಡಿದು ಬಾಗಿಲ ಕಡೆ ಹೊರಡುವ ಮೊದಲೇ, "ನಾವು ಎಸ್ಸಿ. ಆಮೇಲೆ ಗೊತ್ತಾಗಿ ಬೇಜಾರಾಗೋದು ಬೇಡ, ಈಗ್ಲೇ ಹೇಳಿದೀನಿ. ಇನ್ನು ಮನೆ ತೋರ್ಸಿ" ಎನ್ನುತ್ತಿದ್ದರು. ಮುಖಗಳು ಸಾಮಾನ್ಯವಾಗಿ ಬದಲಾಗುತ್ತಿರಲಿಲ್ಲ. "ಅಯ್ಯೋ, ಅದಕ್ಕೇನ್ ಮೇಡಂ" ಎಂಬ ನಗು ಹಾಗೇ ಇರುತ್ತಿತ್ತು. ಬೀಗದ ಕೈ ಮಾತ್ರ ಮೆಲ್ಲಗೆ ಜೇಬಿಗೆ ಇಳಿಯುತ್ತಿತ್ತು. ಮನೆಗೆ ಇನ್ನೂ ಬಣ್ಣ ಹೊಡೆಸಬೇಕಂತೆ, ತಮ್ಮ ಬರುತ್ತಾನಂತೆ, ನಿನ್ನೆ ತಾನೇ ಯಾರೋ ಅಡ್ವಾನ್ಸ್ ಕೊಟ್ಟು ಹೋದರಂತೆ.

ರಸ್ತೆಗೆ ಬಂದ ಮೇಲೆ ನನಗೆ ಹೇಳುತ್ತಿದ್ದರು: "ನೋಡ್ದೇನೆ ಮಂಜುಳಾ? ಮುಖಕ್ಕೆ ಸುಳ್ಳು ಕಲಿಸ್ಬೋದು. ಕೈಗೆ ಕಲ್ಸಕ್ಕಾಗಲ್ಲ."

ತಿಪಟೂರಿನ ಕಾಲೇಜೊಂದರಲ್ಲಿ ಅವರು ನಮಗೆ ಸಮಾಜಶಾಸ್ತ್ರ ಹೇಳುತ್ತಿದ್ದರು. ತುರುವೇಕೆರೆ ಕಡೆಯ ಹಳ್ಳಿಯವರು, ಎತ್ತರದ ಆಳು, ಗಂಜಿ ಹಾಕಿದ ಹತ್ತಿ ಸೀರೆ, ಹಳೆಯ ಸ್ಕೂಟರು. ಮದುವೆ ಮಾಡಿಕೊಂಡಿರಲಿಲ್ಲ, ಯಾಕೆ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ತರಗತಿಯಲ್ಲಿ ಯಾರಾದರೂ ಇಂಥ ಮಾಲೀಕರನ್ನು ಬೈದರೆ ಅವರಿಗೆ ಹಿಡಿಸುತ್ತಿರಲಿಲ್ಲ. "ಬೈದ್ರೆ ಮುಗುದೋಯ್ತು. ಅವನೊಬ್ಬ ಕೆಟ್ಟೋನು, ಮಿಕ್ಕೋರೆಲ್ಲ ಒಳ್ಳೇರು ಅಂತ ಆಗೋಯ್ತದೆ. ಆ ಕೈ ಹಿಂದೆ ಎಷ್ಟು ಕೈ ಇದಾವೆ ನೋಡ್ಬೇಕು ಕಣ್ರೋ."

ನಾನು ಕಂದಿಕೆರೆ ಹತ್ತಿರದ ಹಳ್ಳಿಯವಳು, ಅವರದೇ ಜಾತಿಯವಳು. ಒಂದು ದಿನ ಪಾಠದ ನಡುವೆ ನನ್ನನ್ನು ಎಬ್ಬಿಸಿ, ನಿಮ್ಮಪ್ಪ ಏನು ಮಾಡುತ್ತಾರೆ ಎಂದು ಕೇಳಿದರು. ಕಾಯಿ ಸುಲಿಯುತ್ತಾರೆ ಎಂದೆ.

"ಎಲ್ಲಿ ನಿಂತ್ಕೊಂಡು?"

ಹಾಗೆ ಯಾರೂ ಕೇಳಿರಲಿಲ್ಲ. "ತೋಟದೋರ ಮನೆ ಅಂಗಳದಲ್ಲಿ."

"ಅಟ್ಟದಿಂದ ಕಾಯಿ ಇಳ್ಸೋರು ಯಾರು?"

ನಮ್ಮ ಕಡೆ ಕೊಬ್ಬರಿಯಾಗಲು ಕಾಯಿಯನ್ನು ಹತ್ತಿರ ಹತ್ತಿರ ಒಂದು ವರ್ಷ ಅಟ್ಟದ ಮೇಲೆ ಬಿಡುತ್ತಾರೆ. ಆ ಮನೆಯ ಅಟ್ಟ ನಡುಮನೆಯ ಮೇಲಿತ್ತು. ಕಾಯಿ ಇಳಿಸಲು ಬೇರೆ ಆಳುಗಳು ಒಳಗೆ ಹೋಗುತ್ತಿದ್ದರು, ಅಪ್ಪ ಹೊರಗೆ ಕಾಯುತ್ತಿದ್ದ. ಚಿಕ್ಕವಳಿದ್ದಾಗ ನೀನ್ಯಾಕೆ ಹತ್ತಲ್ಲ ಎಂದು ಕೇಳಿದ್ದೆ. "ನಂಗೆ ಏಣಿ ಅಂದ್ರೆ ತಲೆ ಸುತ್ತುತ್ತೆ ಕಣವ್ವ" ಅಂದಿದ್ದ. ತರಗತಿಯಲ್ಲಿ ಅದನ್ನೇ ಹೇಳಿದೆ. ಹೇಳುತ್ತಿದ್ದ ಹಾಗೆಯೇ, ಅದೇ ಅಪ್ಪ ಆ ತೋಟದ ತೆಂಗಿನ ಮರಗಳನ್ನೆಲ್ಲ ಬರಿಗಾಲಲ್ಲಿ ಹತ್ತಿ ಗೊನೆ ಕೆಡವುತ್ತಿದ್ದುದು ನೆನಪಾಗಿ, ಅದನ್ನೂ ಹೇಳಿದೆ.

ಮೇಡಂ ಸಮಾಧಾನ ಹೇಳಲಿಲ್ಲ. "ನಿಮ್ಮಪ್ಪ ಸುಳ್ಳು ಹೇಳ್ಲಿಲ್ಲ, ನಿನ್ನ ಕಾಪಾಡಿದ್ರು. ಅದೂ ಸಮಾಜಶಾಸ್ತ್ರನೇ. ಕೂತ್ಕೊ" ಎಂದರು.

ಕೊನೆಯ ವರ್ಷ ನನಗೆ ಹಾಸ್ಟೆಲಿನಲ್ಲಿ ಜಾಗ ಸಿಗಲಿಲ್ಲ. ಮೇಡಂ, ನನ್ನ ಜೊತೆ ಇರು ಬಾ ಎಂದರು. ಆಗಲೇ ಹೊಸ ಮನೆಯ ಹುಡುಕಾಟ ಶುರುವಾದದ್ದು. ಬೀದಿ ಬೀದಿ ಅಲೆದ ಮೇಲೆ ಮರುಳಪ್ಪ ಎಂಬುವರ ಮನೆ ಸಿಕ್ಕಿತು. ಕೊಬ್ಬರಿ ವ್ಯಾಪಾರ ಮಾಡಿಕೊಂಡಿದ್ದವರು. ಮೇಡಂ ಮಾತು ಕೇಳಿಯೂ ಅವರ ಕೈ ಹಿಂದಕ್ಕೆ ಹೋಗಲಿಲ್ಲ. "ನಾವು ಅಂಥದ್ದೆಲ್ಲ ನೋಡಲ್ಲ ಮೇಡಂ" ಎಂದು ಬಾಗಿಲು ತೆಗೆದೇಬಿಟ್ಟರು. ಸಂಜೆ ಮುದ್ದೆ ಉಣ್ಣುವಾಗ ನಾನು ಖುಷಿಯಲ್ಲಿದ್ದೆ. ಮೇಡಂ ಮಾತ್ರ ಸಪ್ಪಗಿದ್ದರು.

"ಈ ಮನುಷ್ಯ ನಿಜವಾಗ್ಲೂ ಒಳ್ಳೇನು. ಅದೇ ಭಯ ನಂಗೆ."

"ಯಾಕ್ ಮೇಡಂ?"

"ಒಳ್ಳೇನು ಒಬ್ನೇ ಇರ್ತಾನೆ ಕಣೇ."

ಆ ಮನೆಗೆ ಬಂದು ಕೆಲವು ದಿನಗಳಾದ ಮೇಲೆ, ಮೊದಲು ಹೂವಿನವಳು ನಮ್ಮ ಬಾಗಿಲು ದಾಟಿ ಮುಂದಿನ ಮನೆಗೆ ಹೋಗತೊಡಗಿದಳು. ಮೇಡಂ ಹತ್ತಿರ ಇಂಗ್ಲಿಷ್ ಹೇಳಿಸಿಕೊಳ್ಳಲು ಬರುತ್ತಿದ್ದ ಬೀದಿಯ ಮಕ್ಕಳು, ಒಂದೇ ವಾರದಲ್ಲಿ ಎಲ್ಲರೂ ನಿಂತುಹೋದರು. ಯಾರೂ ಜಗಳಕ್ಕೆ ಬರಲಿಲ್ಲ, ಒಂದು ಕೆಟ್ಟ ಮಾತೂ ಕೇಳಲಿಲ್ಲ. ಸಂಜೆಯಾದರೆ ಎದುರು ಮನೆಯ ಜಗಲಿಯ ಮೇಲೆ ನಾಲ್ಕೈದು ಗಂಡಸರು ಬಂದು ಕೂರುತ್ತಿದ್ದರು. ನಮ್ಮ ಬಾಗಿಲು ತೆರೆದರೆ ಅವರ ಮಾತು ನಿಲ್ಲುತ್ತಿತ್ತು, ಮುಚ್ಚಿದರೆ ಮತ್ತೆ ಶುರುವಾಗುತ್ತಿತ್ತು. ಒಂದು ದಿನ ಯಾರೋ ಸ್ಕೂಟರಿನ ಸೀಟನ್ನು ಉದ್ದಕ್ಕೆ ಕೊಯ್ದಿದ್ದರು. ಮೇಡಂ ಅದನ್ನು ದಬ್ಬಳದಲ್ಲಿ ಹೊಲಿದು, ಅದರ ಮೇಲೇ ಕೂತು ಕಾಲೇಜಿಗೆ ಹೋದರು.

"ಹಿಂದೆ ಬಹಿಷ್ಕಾರ ಹಾಕ್ಬೇಕಾದ್ರೆ ತಮಟೆ ಹೊಡ್ಸಿ ಸಾರೋರು. ಇದು ಹೊಸದು. ಇದಕ್ಕೆ ಸದ್ದೇ ಇಲ್ಲ" ಎಂದರು ಒಮ್ಮೆ, ಪಾಠದ ದನಿಯಲ್ಲೇ. ಆ ದನಿ ಇರುವವರೆಗೂ ನನಗೆ ಅಷ್ಟಾಗಿ ಹೆದರಿಕೆ ಇರಲಿಲ್ಲ.

ಆಮೇಲೆ ಒಂದು ಬೆಳಿಗ್ಗೆ, ನಾನು ನಿದ್ದೆಗಣ್ಣಲ್ಲೇ ಹಿತ್ತಲ ತೊಟ್ಟಿಯಿಂದ ನೀರು ತಂದು ಲೋಟ ಬಾಯಿಗೆ ಇಡುವಷ್ಟರಲ್ಲಿ ಮೇಡಂ ಅದನ್ನು ಹೊಡೆದು ಬೀಳಿಸಿದರು. ತೊಟ್ಟಿಯ ನೀರೆಲ್ಲ ಬೆಳ್ಳಗಾಗಿ, ಮೂಗಿಗೆ ರಾಚುವಂತೆ ಫಿನಾಯಿಲ್ ವಾಸನೆ ಹೊಡೆಯುತ್ತಿತ್ತು. ಮೇಡಂ ಅಡಿಗೆಮನೆಯ ಕಟ್ಟೆ ಹಿಡಿದುಕೊಂಡು ನಿಂತರು. ಅವರ ಕೈ ನಡುಗುತ್ತಿತ್ತು. ನಾನು ನೋಡಿದ್ದು ಅವರಿಗೆ ಗೊತ್ತಾಯಿತು. ಸೆರಗಿನಲ್ಲಿ ಮುಚ್ಚಿಕೊಂಡರು.

ಮರುಳಪ್ಪನವರನ್ನು ಕರೆಸಿದರು. ಸ್ವಂತ ಮನೆಯಾದರೂ ಅವರು ಗೇಟಿನ ಹೊರಗೇ ನಿಂತರು.

"ಮೇಡಂ, ನಂದೇನೂ ಇಲ್ಲ. ಅಂಗಡಿ ಬೀದಿಲಿ ನನ್ನೂ ಮಾತಾಡ್ಸದು ಬುಟ್ಟವ್ರೆ. ಮಗಳಿಗೆ ಬಂದಿದ್ದ ಸಂಬಂಧ ವಾಪಸ್ ಹೋಯ್ತು."

"ಯಾರು ಹಾಕಿದ್ದು ಅಂತ ಗೊತ್ತಾ ನಿಮಗೆ?"

ಅವರು ಎದುರು ಜಗಲಿಯ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದರು. "ಗೊತ್ತಾಗಿ ಏನ್ ಮಾಡ್ತೀರಾ ಮೇಡಂ. ಈ ಸಲ ಫಿನಾಯಿಲು. ವಾಸ್ನೆ ಬಂತು, ತಿಳೀತು."

ಅದು ಬೆದರಿಕೆಯೋ ಎಚ್ಚರಿಕೆಯೋ ನನಗೆ ತಿಳಿಯಲಿಲ್ಲ. ಬಹುಶಃ ಅವರಿಗೂ ತಿಳಿದಿರಲಿಲ್ಲ.

"ನಾನು ಕಂಪ್ಲೇಂಟ್ ಕೊಡ್ತೀನಿ. ನೀವು ಸಾಕ್ಷಿ ಹೇಳ್ತೀರಾ?"

"ನಾನು ನೋಡ್ಲಿಲ್ಲ ಮೇಡಂ."

ಮೇಡಂ ದೂರು ಕೊಟ್ಟರು. ಬೀದಿಯಲ್ಲಿ ಯಾರೂ ಏನೂ ನೋಡಿರಲಿಲ್ಲ. ಮನೆ ಬಿಟ್ಟುಬಿಡೋಣ ಎಂದು ನಾನು ಅತ್ತೆ. "ನಿನ್ನ ಪರೀಕ್ಷೆ ಮುಗೀಲಿ. ಈಗ ಎದ್ದು ಹೋದ್ರೆ ಇವರು ಇನ್ನೊಬ್ರಿಗೂ ಇದೇ ಮಾಡ್ತಾರೆ" ಎಂದರು. ಅಂದಿನಿಂದ ಕುಡಿಯುವ ನೀರು ಕಾಲೇಜಿನಿಂದ ಸ್ಕೂಟರಿನಲ್ಲಿ ಬರತೊಡಗಿತು. ಸಂಜೆ ಬಾಗಿಲು ಮುಚ್ಚುವುದನ್ನೂ ಅವರು ಬಿಟ್ಟರು. ಹೊಸ್ತಿಲ ಹೊರಗೆ ಕುರ್ಚಿ ಹಾಕಿಕೊಂಡು, ಜಗಲಿಗೆ ಎದುರಾಗಿ ಕೂತು ಓದುತ್ತಿದ್ದರು. ಒಂದು ಸಂಜೆ ಅಲ್ಲಿದ್ದ ಹಿರಿಯರೊಬ್ಬರು ಎದ್ದು, "ಏನ್ ಮೇಡಮ್ಮೋರೇ, ಊಟ ಆಯ್ತಾ?" ಎಂದರು.

"ಆಯ್ತು. ಕಾಲೇಜಿಂದ ನೀರು ತಂದು ಮಾಡ್ದೆ."

ಆ ಹಿರಿಯರು ಮತ್ತೆ ಕೂತರು. ಮರುದಿನವೂ ಅವರೆಲ್ಲ ಬಂದರು.

ನನ್ನ ಪರೀಕ್ಷೆ ಮುಗಿದ ವಾರ ಮೇಡಂ ಬೇರೆ ಜಿಲ್ಲೆಯ ಊರೊಂದಕ್ಕೆ ಕೆಲಸಕ್ಕೆ ಹೋದರು. ನಾನು ಎಂ.ಎ. ಮುಗಿಸಿ ತುರುವೇಕೆರೆಯಲ್ಲಿ ಪಾಠ ಹೇಳತೊಡಗಿದೆ. ಫೋನು ಮಾಡಿದಾಗಲೆಲ್ಲ ಮನೆಯ ಬಗ್ಗೆ ಕೇಳುತ್ತಿದ್ದೆ. "ಇಲ್ಲಿ ಯಾರೂ ಏನೂ ಅನ್ನಲ್ಲ ಕಣೇ. ಆದ್ರೂ ನಿದ್ದೆ ಸರಿಯಾಗಿ ಬರಲ್ಲ" ಎನ್ನುತ್ತಿದ್ದರು. ದಿನಾ ಬೆಳಿಗ್ಗೆ ನೀರನ್ನು ಮೂಸಿ ನೋಡಿಯೇ ಕುಡಿಯುತ್ತಿದ್ದರಂತೆ. ಅದನ್ನು ನಗುತ್ತಾ ಹೇಳಿದ್ದರು.

ಹೋದ ವರ್ಷ ಅವರ ಅಣ್ಣ ಫೋನು ಮಾಡಿದರು. ಕಾಲೇಜಿನಲ್ಲಿ ಎದೆ ನೋವೆಂದು ಕುಸಿದ ಮೇಡಂ ಆಸ್ಪತ್ರೆ ತಲುಪುವ ಮೊದಲೇ ಹೋಗಿಬಿಟ್ಟಿದ್ದರು. ನಾನು ಹೋದಾಗ ಅಣ್ಣ ಆಸ್ಪತ್ರೆಯ ವರಾಂಡದಲ್ಲಿ ಮೇಡಂ ಮನೆಯ ಮಾಲೀಕರ ಜೊತೆ ನಿಂತಿದ್ದರು. ದೇಹವನ್ನು ಊರಿಗೆ ಒಯ್ಯುವ ಮೊದಲು ಮೇಡಂ ಇದ್ದ ಮನೆಯ ಮುಂದೆ ಒಂದು ಗಳಿಗೆ ಇಳಿಸಬೇಕೆಂದು ಅಣ್ಣನ ಆಸೆ.

"ಬೇಡ. ಬೇರೆ ಬಾಡಿಗೆದಾರರೂ ಇದಾರೆ, ಚಿಕ್ಕ ಮಕ್ಕಳಿದಾವೆ. ಯಾರಿಗಾದ್ರೂ ಇದೇ ಮಾತು ಹೇಳ್ತಿದ್ವಿ" ಎಂದು ಮಾಲೀಕರು ಕೈ ಮುಗಿದು ಹೋದರು. ಅವರ ಕಣ್ಣೂ ಒದ್ದೆಯಾಗಿತ್ತು.

ಅಣ್ಣ ನನ್ನ ಕಡೆ ತಿರುಗಿದರು. "ಇದು ಎಲ್ರಿಗೂ ಹೇಳೋ ಮಾತೇನವ್ವಾ, ಇಲ್ಲ ನಮಗಷ್ಟೇನಾ? ನೀನು ಓದಿರೋಳು, ಹೇಳು."

ಬಾಡಿಗೆ ಮನೆಗೆ ಹೆಣ ತರಬೇಡಿ ಎನ್ನುವುದು ಎಲ್ಲ ಕಡೆಯೂ ಇದೆ. ಎಲ್ಲ ಜಾತಿಯವರಿಗೂ ಹೇಳುತ್ತಾರೆ. ಇವರಿಗೂ ಹಾಗೆಯೇ ಹೇಳಿದ್ದಿರಬಹುದು.

"ಗೊತ್ತಾಗ್ತಿಲ್ಲ ಅಣ್ಣ" ಎಂದೆ.

ಆಂಬುಲೆನ್ಸ್ ಹೊರಟಿತು. ಮೇಡಂ ಇದ್ದ ಬೀದಿಯ ತಿರುವು ಬಂದಾಗ ಡ್ರೈವರ್ ವೇಗ ತಗ್ಗಿಸಿ, ತಿರುಗಿಸಲೇ ಎಂಬಂತೆ ಕನ್ನಡಿಯಲ್ಲಿ ನಮ್ಮನ್ನು ನೋಡಿದ. ಅಣ್ಣ ತಂಗಿಯ ಮುಖದ ಮೇಲಿನ ಬಟ್ಟೆ ಸರಿಮಾಡುತ್ತಾ, "ಮುಂದಕ್ ನಡಿಯಪ್ಪ" ಎಂದರು.