ಗಿಡ್ಡ ಬೆಂಚು

ಹಳೆಯ ಸಾಗವಾನಿಯ ಮೇಲೆ ರಂದಾ ಸರಿದಾಗ ಏಳುವ ವಾಸನೆ ಅರ್ಧ ಒಗರು, ಅರ್ಧ ಎಣ್ಣೆಯ ಜಿಡ್ಡು. ಮೊನ್ನೆ ಬೊರಿವಲಿಯ ನಮ್ಮ ಬಾಲ್ಕನಿಯಲ್ಲಿ ಅದು ಮೂಗಿಗೆ ಬಡಿದಾಗ, ನಾನು ಅರವತ್ತು ದಾಟಿದ ಹೆಂಗಸು ಎಂಬುದೇ ಮರೆತುಹೋಯಿತು. ಕೈಯಲ್ಲಿದ್ದದ್ದು ಮರ ಹೆರೆದು ನುಣುಪು ಮಾಡುವ ಅಪ್ಪನ ರಂದಾ. ಅದರ ಹಿಡಿ ಅವನ ಬೆವರಿಗೆ ಕಪ್ಪಾಗಿದೆ. ನಿವೃತ್ತಿಯ ಮೇಲೆ ಹೊತ್ತು ಹೋಗಲೆಂದು ನಾನೇ ಒಂದು ಮರಗೆಲಸದ ಬೆಂಚು ಹೂಡಿಕೊಂಡಿದ್ದೆ. ಅಪ್ಪ ಹೊಟ್ಟೆಪಾಡಿಗೆ ಮಾಡಿದ್ದನ್ನು ಮಗಳು ಹೊತ್ತು ಕಳೆಯಲು ಮಾಡುವುದು! ಬರೆಯುವಾಗಲೂ ಸಂಕೋಚವಾಗುತ್ತದೆ.

ಅಪ್ಪ ಬಾಗಲಕೋಟೆ ಕಡೆಯಿಂದ ಬಂದ ಬಡಗಿ. ಹಗಲು ಕಾರ್ಖಾನೆಯಲ್ಲಿ ದುಡಿದು, ಸಂಜೆ ಕಾಂದಿವಲಿಯ ಚಾಳಿನ ನಮ್ಮ ಒಂಟಿ ಕೋಣೆಯಲ್ಲಿ ಮತ್ತೆ ಕೆಲಸಕ್ಕೆ ನಿಲ್ಲುತ್ತಿದ್ದ. ಬೈಕುಲ್ಲಾದಲ್ಲಿ ಕೆಡವಿದ ಮನೆಗಳ ತೊಲೆ ಕೊಂಡು, ಲೋಕಲ್ ರೈಲಿನ ಲಗೇಜ್ ಡಬ್ಬಿಯಲ್ಲಿ ಬೈಸಿಕೊಳ್ಳುತ್ತ ತಂದು, ಅದರಲ್ಲಿ ಚಪಾತಿ ಮಣೆ, ಪುಟ್ಟ ದೇವರ ಮಂಟಪ ಮಾಡಿ ಮಾರುತ್ತಿದ್ದ. ಅರ್ಧ ಕೋಣೆಯನ್ನು ಅವನ ಬೆಂಚೇ ನುಂಗಿತ್ತು. ಹಾಗಾಗಿ ಊಟದ ತನಕ ಅದು ಅಪ್ಪನದು, ಊಟವಾದ ಮೇಲೆ ನನ್ನದು. ಅವ್ವ ಸಿಪ್ಪೆ ಸುರುಳಿಗಳನ್ನು ನೀರು ಕಾಯಿಸುವ ಬಂಬಿಗೆಂದು ಚೀಲಕ್ಕೆ ತುಂಬಿ, ಬೆಂಚಿನ ಮೇಲೆ ಕೌದಿ ಹಾಸುತ್ತಿದ್ದಳು. ಎಷ್ಟು ಒರೆಸಿದರೂ ಒಂದೆರಡು ಸುರುಳಿ ಉಳಿದು ಬೆಳಿಗ್ಗೆ ನನ್ನ ಜಡೆಯಲ್ಲಿ ಸಿಗುತ್ತಿದ್ದವು. ಅಂಥ ನಿದ್ದೆ ನನಗೆ ಆಮೇಲೆ ಯಾವ ಹಾಸಿಗೆಯಲ್ಲೂ ಬರಲಿಲ್ಲ.

ಆ ಬೆಂಚು ಮಂಚದಷ್ಟೇ ಗಿಡ್ಡ. ಅಪ್ಪ ಅದರ ಮೇಲೆ ನೆಲ ಸಾರಿಸುವವರ ಹಾಗೆ ಬಾಗಿ ರಂದಾ ಹೊಡೆಯುತ್ತಿದ್ದ. ಬರಬರುತ್ತ ಬೆಂಚು ಬಿಟ್ಟು ಬಂದರೂ ಬೆನ್ನು ಬಾಗಿಯೇ ಇರುತ್ತಿತ್ತು. ಚಾಳಿನವರು ಕೀಟಲೆ ಮಾಡಿದರೆ ಅವರಿಗಿಂತ ಮೊದಲು ತಾನೇ ನಕ್ಕು, "ಗಿಡ್ಡ ಮನಷ್ಯಾಗ ಗಿಡ್ಡ ಬೆಂಚ್, ಜೋಡಿ ಬರೋಬರ್ ಐತಿ" ಅನ್ನುತ್ತಿದ್ದ. ನಾನೂ ಅದನ್ನೇ ನಂಬಿದೆ. ಮದುವೆಯ ಫೋಟೋದಲ್ಲಿ ಅವನು ಅವ್ವನಿಗಿಂತ ಒಂದು ಗೇಣು ಎತ್ತರ ನಿಂತಿದ್ದಾನೆ. ಆ ಫೋಟೋ ದಿನಾ ನೋಡುತ್ತಲೇ ಬೆಳೆದೆ, ಒಮ್ಮೆಯೂ ಯೋಚಿಸಲಿಲ್ಲ. ನಿಮ್ಮ ಮನೆಯಲ್ಲೂ ಇಂಥದ್ದೊಂದು ಇದ್ದೀತು, ಕಣ್ಣೆದುರೇ ಇದ್ದು ಕಾಣದೆ ಹೋದದ್ದು.

ಈಗ ಆ ಚಾಳಿನ ಜಾಗದಲ್ಲಿ ಗಾಜಿನ ಬಿಲ್ಡಿಂಗ್ ಎದ್ದಿದೆ. ಅಪ್ಪನೂ ಇಲ್ಲ, ಬೆಂಚೂ ಇಲ್ಲ. ನನ್ನ ಹೊಸ ಬೆಂಚಿನ ಅಳತೆ ನನಗೆ ಮೊಬೈಲ್ ವಿಡಿಯೋದಲ್ಲಿ ಸಿಕ್ಕಿತು: ನೇರ ನಿಂತು ಕೈ ಇಳಿಬಿಟ್ಟರೆ ಮಣಿಕಟ್ಟು ಎಲ್ಲಿಗೆ ಬರುತ್ತದೋ ಅಷ್ಟು ಎತ್ತರ. ಅವ್ವ ಈಗ ನನ್ನ ಜೊತೆಗೇ ಇದ್ದಾಳೆ. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ನೋಡುತ್ತಿದ್ದವಳಿಗೆ, "ಅಪ್ಪಗ ಈ ಅಳತಿ ಯಾರೂ ಹೇಳಿರಲಿಲ್ಲ ನೋಡವಾ" ಎಂದು ನಕ್ಕೆ.

ಅವ್ವ ನಗಲಿಲ್ಲ. "ನಿಮ್ಮಪ್ಪಗ ಗೊತ್ತಿತ್ತು. ಮೊದಲ ಅವರು ಮಾಡಿದ್ದೂ ಇಷ್ಟ ಎತ್ತರ ಇತ್ತು. ನೀ ಸಣ್ಣಾಕಿ, ನಿದ್ದಿಗಣ್ಣಾಗ ಉಳ್ಳಿ ಕೆಳಗ ಬಿದ್ದಿ. ಹುಬ್ಬು ಒಡದು ರಕ್ತ ಸುರೀತು. ಮರುದಿನ ಕರಗಸ ತಗೊಂಡು ನಾಕೂ ಕಾಲು ಕೊಯ್ದ್ರು."

"ಮತ್ತ ನನಗ್ಯಾಕ ಹೇಳಲಿಲ್ಲ?"

"ಬಿದ್ದದ್ದು ನೆನಪ ಮಾಡಬ್ಯಾಡ, ಹುಡುಗಿ ಮಲಗಾಕ ಹೆದರತೈತಿ ಅಂದ್ರು. ಆಮ್ಯಾಲ ಅದ ರೂಢಿ ಆತು." ಅವ್ವ ನನ್ನ ಬೆಂಚನ್ನು ಒಮ್ಮೆ ಕೈಯಿಂದ ಸವರಿದಳು. "ಇದು ಎತ್ತರ ಇರಲಿ ಬಿಡು. ಇದರ ಮ್ಯಾಲೆ ಯಾರೂ ಮಲಗಂಗಿಲ್ಲಲ್ಲ."

ನನ್ನ ಎಡಹುಬ್ಬಿನಲ್ಲೊಂದು ಗೆರೆಯಿದೆ. ನಲ್ಲಿಯ ಹತ್ತಿರ ಜಾರಿ ಬಿದ್ದದ್ದೆಂದೇ ತಿಳಿದಿದ್ದೆ. ಬೆರಳು ಅಲ್ಲಿಗೇ ಹೋಯಿತು. ಕೊನೆಯ ವರ್ಷಗಳಲ್ಲಿ ಬೆನ್ನುನೋವಿಗೆ ಅಪ್ಪನಿಗೆ ಅಂಗಾತ ಮಲಗಲೂ ಆಗುತ್ತಿರಲಿಲ್ಲ. ಗೋಡೆಗೆ ಒರಗಿ ಕೂತೇ ಕಣ್ಣು ಮುಚ್ಚುತ್ತಿದ್ದ. ಆ ಬೆಂಚಿನ ಮೇಲೆ ಎಂಥ ನಿದ್ದೆ ಬರುತ್ತಿತ್ತು ಎಂದು ನಾನು ಅವನೆದುರೇ ಎಷ್ಟು ಸಲ ಕೊಚ್ಚಿಕೊಂಡಿದ್ದೆ. ಅವನು ಹೌದೆಂದು ತಲೆಯಾಡಿಸುತ್ತಿದ್ದ. ನೆನೆದರೆ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ.

ಅವ್ವ ಒಳಗೆ ಹೋದ ಮೇಲೆ ಮತ್ತೆ ರಂದಾ ಹಿಡಿದೆ. ಸಂಜೆಯ ತನಕ ನೆಟ್ಟಗೆ ನಿಂತು ಹಲಗೆ ಹೆರೆದೆ. ಕಾಲ ಸುತ್ತ ಸುರುಳಿಗಳು ಬಿದ್ದವು. ತೋಳು ಸೋತಿತು, ಅಂಗೈ ಉರಿಯಿತು. ಬೆನ್ನು ಮಾತ್ರ ಚೂರೂ ನೋಯಲಿಲ್ಲ. ಅದೊಂದನ್ನೇ ನನ್ನಿಂದ ತಡೆದುಕೊಳ್ಳಲಾಗಲಿಲ್ಲ.