ಒಕ್ಕಣ್ಣನೋ ಮೂಗೋ

ಮಸ್ಕತ್ತಿನ ಅಲ್ ಗುಬ್ರಾದ ನಮ್ಮ ಮನೆಯ ಅಡುಗೆಮನೆಯಲ್ಲಿ ಒಂದು ಡ್ರಾಯರ್ ಇದೆ. ಹೆಸರಿಗೆ ಅದು ಚಮಚದ ಡ್ರಾಯರ್. ಅದರಲ್ಲಿ ಚಮಚವೊಂದನ್ನು ಬಿಟ್ಟು ಮಿಕ್ಕೆಲ್ಲ ಸಿಗುತ್ತದೆ. ನಿಮ್ಮ ಮನೆಯಲ್ಲೂ ಇಂಥದೊಂದು ಇದ್ದೇ ಇರುತ್ತದೆ, ಇಲ್ಲವೆನ್ನಬೇಡಿ. ಈ ಬೆಳಿಗ್ಗೆ ಮಗಳನ್ನು ಅಲ್ ಖೌದ್‌ನ ಕಾಲೇಜಿಗೆ ಬಿಡಲು ಹೊರಟವನು ಕಾರಿನ ಕೀಲಿ ಕಾಣದೆ ಅದರೊಳಗೆ ಕೈ ಹಾಕಿದೆ. ಮಗಳು ಲೈಸನ್ಸ್ ತೆಗೆದು ತಿಂಗಳಾಯಿತು, ಕಾರು ಕೊಡಲು ನನಗೇ ಮನಸ್ಸಿಲ್ಲ. ಕೀಲಿಯ ಜೊತೆಗೆ ಕೈಗೆ ಬಂದದ್ದು ಹಿತ್ತಾಳೆಯ ಒಂದು ತೋಟೆ. ಗಾಬರಿಯಾಗಬೇಡಿ, ಖಾಲಿ ತೋಟೆ. ಗುಂಡು ಎಂದೋ ಹಾರಿ, ಒಳನಾಡಿನ ಇಬ್ರಾ ಊರಿನ ಆಚೆ ಯಾವುದೋ ಗುಡ್ಡಕ್ಕೆ ಬಡಿದು ಮುಕ್ತಿ ಪಡೆದಿದೆ. ಈ ಚಿಪ್ಪನ್ನು ಊರಿಗೆ ಒಯ್ಯುವ ಧೈರ್ಯ ನನಗಿಲ್ಲ. ಏರ್‌ಪೋರ್ಟಿನವರಿಗೆ ನೆನಪುಗಳಲ್ಲಿ ಅಷ್ಟೊಂದು ಅಭಿರುಚಿ ಇರುವುದು ಅನುಮಾನ.

ಇದನ್ನು ಕಂಡಾಗಲೆಲ್ಲ ಸಂಜೀವಣ್ಣ ನೆನಪಾಗುತ್ತಾರೆ. ನಮ್ಮ ಕಂಪನಿಯ ರಸ್ತೆ ಕೆಲಸ ಇಬ್ರಾದಲ್ಲಿ ನಡೆಯುತ್ತಿದ್ದಾಗ ನಾನು ಅಲ್ಲೇ ಬಾಡಿಗೆ ಕೋಣೆಯಲ್ಲಿದ್ದೆ. ಪಕ್ಕದ ಕೋಣೆ ಅವರದು. ಕಾಪು ಕಡೆಯವರು. ಸೂಕಿನ, ಅಂದರೆ ಅಲ್ಲಿನ ಪೇಟೆಯ, ಹಾರ್ಡ್‌ವೇರ್ ಅಂಗಡಿಯ ಪಿಕಪ್ ಓಡಿಸಿ ಮನೆಮನೆಗೆ ನೀರಿನ ಮೋಟಾರು, ಪೈಪು ತಲುಪಿಸುವುದು ಅವರ ಕೆಲಸ. ಮೈಸೂರಿನವನಾದ ನನಗೆ ತುಳು ಬಾರದೆಂಬ ಕನಿಕರದಿಂದ ಕನ್ನಡದಲ್ಲೇ ಮಾತಾಡುತ್ತಿದ್ದರು. ನಾನು ಮಾಡಿದ ಸಾರು ಬಾಯಿಗಿಟ್ಟಾಗ ಮಾತ್ರ ತುಳುವಿನಲ್ಲಿ ಏನೋ ಗೊಣಗುತ್ತಿದ್ದರು. ಅದರ ಅರ್ಥವನ್ನು ನಾನು ಎಂದೂ ಕೇಳಲಿಲ್ಲ.

ಅರವತ್ತು ದಾಟಿತ್ತು. ಊರಿಗೆ ಮರಳುವ ಮಾತೆತ್ತಿದರೆ ಅವರ ಮುಖ ಹುಳ್ಳಗಾಗುತ್ತಿತ್ತು.

"ಅಲ್ಲಿ ಬಸ್ಸಿಂದ ಇಳಿದ ಕೂಡ್ಲೆ ಕೇಳ್ತಾರೆ, ಯಾವಾಗ ಬಂದದ್ದು, ಇನ್ನು ಯಾವಾಗ ಹೋಗುದು ಅಂತ. ಇಲ್ಲಿ ಸೂಕಿನಲ್ಲಿ ಯಾರೂ ಹಾಗೆ ಕೇಳುದಿಲ್ಲ ಮಾರಾಯ್ರೆ. ಚಾ ಕೊಡ್ತಾರೆ."

ಪಿಕಪ್ ಓಡಿಸುವಷ್ಟು ದಿನ ಇಬ್ರಾ, ಓಡಿಸಲಾಗದ ದಿನ ಖಲಾಸ್. ಅವರ ಪಾಲಿಗೆ ಬದುಕು ಅಷ್ಟೇ ಸರಳವಾಗಿತ್ತು.

ಅಂಗಡಿಯ ಯಜಮಾನನನ್ನು, ಅಂದರೆ ಅವರ ವೀಸಾಕ್ಕೆ ಹೊಣೆಯಾದ ಕಫೀಲನನ್ನು, ಎಲ್ಲರೂ ಅರ್ಬಾಬ ಎನ್ನುತ್ತಿದ್ದರು. ಅವನಿಗೆ ಗುರಿ ಹೊಡೆಯುವ ಹುಚ್ಚು. ಲೈಸನ್ಸಿನ ಕೋವಿ, ಗುರಿಗೆ ತಗಡಿನ ಡಬ್ಬ. ಹಾರಿಸಿದ ತೋಟೆಗಳನ್ನು ಎಸೆಯದೆ ಅಕ್ಕಿಯ ಚೀಲದಲ್ಲಿ ತುಂಬಿಡುತ್ತಿದ್ದ. ಅವನ್ನು ಮತ್ತೆ ತುಂಬಿ ಹೊಸದು ಮಾಡುವ ಯಂತ್ರವೊಂದನ್ನು ತರಿಸುವ ಆಸೆ ಅವನಿಗೆ. ಯಂತ್ರಕ್ಕೆ ಅನುಮತಿ ಬರಬೇಕಿತ್ತು. ಅದು ಕೊನೆಗೂ ಬರಲಿಲ್ಲ ಎಂಬುದನ್ನು ಈಗಲೇ ಹೇಳಿಬಿಡುತ್ತೇನೆ, ನೀವು ಸುಮ್ಮನೆ ಕಾಯುವುದು ಬೇಡ. ಆದರೆ ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬಂತೆ, ತೋಟೆ ವಿಂಗಡಿಸುವ ಕೆಲಸ ಶುಕ್ರವಾರ ಶುಕ್ರವಾರ ನಡೆಯುತ್ತಿತ್ತು. ಅದು ಸಂಜೀವಣ್ಣನ ಪಾಲಿಗೆ ಬಂದಿತ್ತು.

ತೋಟೆಯ ತಳದಲ್ಲಿ ಬಿಂದಿಯಷ್ಟಗಲದ ಕೇಪು ಇರುತ್ತದೆ. ಕೋವಿಯ ಕುದುರೆ ಎಳೆದಾಗ ಅದು ಸಿಡಿದು, ಕಿಡಿ ಒಂದು ತೂತಿನ ಮೂಲಕ ಒಳಗಿನ ಮದ್ದಿಗೆ ತಾಗುತ್ತದೆ. ಕೆಲವು ತೋಟೆಗಳಲ್ಲಿ ಆ ತೂತು ನಡುಮಧ್ಯೆ ಒಂದೇ. ತೋಟೆಯ ಬಾಯಿಯಿಂದ ಕಡ್ಡಿ ತೂರಿಸಿದರೆ ಹಳೆಯ ಕೇಪು ಸಲೀಸಾಗಿ ಉದುರುತ್ತದೆ. ಕೆಲವುಗಳಲ್ಲಿ ಅಕ್ಕಪಕ್ಕ ಎರಡು ಸಣ್ಣ ತೂತು. ಅಲ್ಲಿ ಕಡ್ಡಿಯೇ ಮುರಿಯುತ್ತದೆ. ಬಲ್ಲವರು ಇವನ್ನು ಬಾಕ್ಸರ್, ಬರ್ಡನ್ ಎನ್ನುತ್ತಾರಂತೆ. ಸಂಜೀವಣ್ಣ ಇಟ್ಟ ಹೆಸರು, ಒಂದು ತೂತಿನದಕ್ಕೆ ಒಕ್ಕಣ್ಣ, ಎರಡು ತೂತಿನದಕ್ಕೆ ಮೂಗು. ಹೊರಗಿನಿಂದ ಎರಡೂ ಒಂದೇ. ಮದುವೆ ಫೋಟೊದಲ್ಲಿ ನಿಂತ ಬೀಗರಂತೆ, ಒಳಗೆ ಇಣುಕುವ ತನಕ ಗುಣ ತಿಳಿಯುವುದಿಲ್ಲ.

ಸಂಜೀವಣ್ಣ ಟಾರ್ಚಿನ ಬೆಳಕು ಬಿಟ್ಟು, ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ತೋಟೆಯ ಬಾಯಿಗೆ ಹಚ್ಚಿ ‘ಮೂಗು’, ‘ಮೂಗು’, ‘ಇದೂ ಮೂಗು’ ಎಂದು ಸಾರುತ್ತಿದ್ದರು. ನಾನು ಪಕ್ಕದಲ್ಲಿ ಕಡಲೆಕಾಯಿ ತಿನ್ನುತ್ತ ನೈತಿಕ ಬೆಂಬಲ ಕೊಡುತ್ತಿದ್ದೆ. ಮೂಗಿನ ರಾಶಿ ಮೊಳಕಾಲೆತ್ತರ ಬೆಳೆಯಿತು. ಒಕ್ಕಣ್ಣನ ಡಬ್ಬದ ತಳವೂ ಮುಚ್ಚಲಿಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು. ದಾರಿಗೆ ಒಂದು ಒಂಟೆ ಅಡ್ಡ ಬಂದರೆ ಪಿಕಪ್ ನಿಲ್ಲಿಸಿ, ಅದು ದಾಟಿದ ಮೇಲೂ ‘ಇನ್ನೊಂದು ಹೋಗಲಿ’ ಎಂದು ಕಾಯುತ್ತಿದ್ದ ಮನುಷ್ಯ. ಅದನ್ನು ನಾನು ಸೌಜನ್ಯ ಎಂದುಕೊಂಡಿದ್ದೆ.

ಒಂದು ಶುಕ್ರವಾರ ಅರ್ಬಾಬ ಬಂದು ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತ. ತಾನು ಕೊಳ್ಳುವುದು ಬಹುತೇಕ ಒಂಟಿ ತೂತಿನದೇ, ಇಷ್ಟೊಂದು ಜೋಡಿ ತೂತು ಎಲ್ಲಿಂದ ಬಂತು ಎಂಬುದು ಅವನ ಪ್ರಶ್ನೆ. ಒಂದನ್ನು ಎತ್ತಿ ನೋಡಿದ, ಇನ್ನೊಂದನ್ನು ನೋಡಿದ. ಮೂರನೆಯದನ್ನು ಸಂಜೀವಣ್ಣನಿಗೆ ಕೊಟ್ಟ. ಅವರು ಇಣುಕಿ, ಎರಡು ಬೆರಳು ತೋರಿಸಿದರು. ಅರ್ಬಾಬ ಅದೇ ತೋಟೆಯನ್ನು ನನ್ನ ಕೈಗಿತ್ತು ತನ್ನ ಸೂಕಿನ ಹಿಂದಿಯಲ್ಲಿ ಕೇಳಿದ.

"ಕಿತ್ನಾ?"

ಇಣುಕಿದೆ. ನಟ್ಟನಡುವೆ ದುಂಡಗೆ ಒಂದೇ ತೂತು. ತಲೆಯೆತ್ತಿದರೆ ಸಂಜೀವಣ್ಣ ನನ್ನ ಮುಖವನ್ನೇ ನೋಡುತ್ತಿದ್ದರು. ತಮ್ಮ ಕಣ್ಣಿನ ಸಂಗತಿ ಅವರಿಗೆ ಮೊದಲಿಂದಲೂ ಗೊತ್ತಿತ್ತು ಎಂಬುದು ಆಗ ನನಗೆ ಗೊತ್ತಾಯಿತು. ಒಂದು ಎಂದರೆ ಅವರ ಕಣ್ಣು ಕೆಟ್ಟಿದೆ ಎಂದಂತೆ. ಆಮೇಲೆ ಪಿಕಪ್ ಇಲ್ಲ, ಇಬ್ರಾ ಇಲ್ಲ, ಸೂಕಿನ ಚಾ ಇಲ್ಲ. 

"ದೋ," ಎಂದೆ.

ಅರ್ಬಾಬ ನನ್ನನ್ನು ನೋಡಿದ, ಅವರನ್ನು ನೋಡಿದ.

"ತುಮ್ಹಾರಾ ಭೀ ಆಂಖ್ ಖರಾಬ್?" ಎಂದು ಅಂಗೈ ಚಾಚಿದ. ಸಂಜೀವಣ್ಣ ಪಿಕಪ್ಪಿನ ಕೀಲಿಯನ್ನು ಅದರಲ್ಲಿಟ್ಟರು. ಅಂಗೈ ಹಿಂದೆ ಸರಿಯಲಿಲ್ಲ, ನನ್ನ ಕಡೆ ತಿರುಗಿತು. ನನ್ನ ಕಾರಿನ ಕೀಲಿಯೂ ಹೋಯಿತು.

ಕೋಣೆಗೆ ಮರಳಿದ ಸಂಜೀವಣ್ಣ ಪೆಟ್ಟಿಗೆ ತೆರೆದು ಅಂಗಿ ಮಡಿಸತೊಡಗಿದರು. ನಾನು ಸುಳ್ಳು ಹೇಳಬಾರದಿತ್ತು, ಪಾಪ, ನನ್ನ ಕಾರೂ ಹೋಯಿತು ಎಂದು ನನಗೇ ಸಮಾಧಾನ ಹೇಳಿದರು. ಮರುದಿನ ಅರ್ಬಾಬನ ಗಾಡಿ ಬಾಗಿಲಿಗೆ ಬಂದಾಗ, ಏರ್‌ಪೋರ್ಟಿಗೇ ಎಂದುಕೊಂಡು ಪೆಟ್ಟಿಗೆ ಹಿಡಿದೇ ಹತ್ತಿದರು. ಅರ್ಬಾಬ ನನ್ನನ್ನೂ ಹತ್ತಿಸಿಕೊಂಡ. ಗಾಡಿ ನಿಂತದ್ದು ಮಸ್ಕತ್ತಿನ ಕಣ್ಣಿನ ಡಾಕ್ಟರ ಬಾಗಿಲಲ್ಲಿ. ಅವರ ಎರಡು ಕಣ್ಣಲ್ಲೂ ಪೊರೆ, ಒಂದು ಎರಡಾಗಿ ಕಾಣುತ್ತಿದ್ದದ್ದು ಅದರಿಂದಲೇ. ನನ್ನ ಕಣ್ಣುಗಳನ್ನು ತಿರುಗಿಸಿ ಮುರುಗಿಸಿ ನೋಡಿದ ಡಾಕ್ಟರು, ಏನೂ ದೋಷವಿಲ್ಲ, ಯಾಕೆ ಬಂದಿರಿ ಎಂದು ಕೇಳಿದರು.  ಅರ್ಬಾಬ ಹಲ್ಲುಕಿರಿದು ನನ್ನ ಕೀಲಿ ವಾಪಸು ಕೊಟ್ಟ.

ಪೊರೆ ತೆಗೆಸಿಕೊಂಡು ಬಂದ ಸಂಜೀವಣ್ಣ ಮೊದಲು ನನ್ನನ್ನು ದಿಟ್ಟಿಸಿದರು. "ನಿಮಗೆ ತಲೆಯಲ್ಲಿ ಕೂದಲು ಉಂಟು ಅಂತ ಎಣಿಸಿದ್ದೆ ಮಾರಾಯ್ರೆ," ಎಂದರು. ಆ ದಿನ ನನ್ನ ಜೇಬು ಸೇರಿದ್ದ ತೋಟೆಯನ್ನು ಅವರ ಮುಂದಿಟ್ಟೆ. ಬಹಳ ಹೊತ್ತು ಇಣುಕಿ ನೋಡಿ, ‘ಒಕ್ಕಣ್ಣ’ ಎಂದು ನನ್ನ ಕೈಗೇ ಮರಳಿಸಿದರು. ಪಿಕಪ್ ಮತ್ತೆ ಹಲವು ವರ್ಷ ಓಡಿತು. ಒಂಟೆಗಳಿಗೆ ಮಾತ್ರ ಮೊದಲಿನ ಮರ್ಯಾದೆ ಸಿಗಲಿಲ್ಲ.

ಮಗಳಿಗೆ ಈ ಕಥೆ ಬಾಯಿಪಾಠ. "ಅಪ್ಪಾ, ಐ ಆಮ್ ಲೇಟ್," ಎಂದು ಅವಳು ಬಾಗಿಲಲ್ಲಿ ನಿಂತಿದ್ದಳು. ಹಳೆಯ ಗೆಳೆಯನನ್ನು ಮಾತಾಡಿಸದೆ ಹೋಗುವುದು ಹೇಗೆ ಎಂದು ಫೋನಿನ ಟಾರ್ಚು ಹಾಕಿ ತೋಟೆಯ ಬಾಯಿಗೆ ಕಣ್ಣು ಹಚ್ಚಿದೆ. ಕನ್ನಡಕ ಒರೆಸಿ ಮತ್ತೆ ಹಚ್ಚಿದೆ. ಇನ್ನೊಂದು ಕಣ್ಣಿನಿಂದಲೂ ನೋಡಿದೆ.

"ಹೌ ಮೆನಿ?" ಎಂದು ತಮಾಷೆಗೆ ಕೇಳಿದಳು.

"ಎರಡು."

ನಕ್ಕಳು. ನಾನು ನಗದಿರುವುದನ್ನು ಕಂಡು ಹತ್ತಿರ ಬಂದು, ತೋಟೆ ಇಸಿದುಕೊಂಡು ತಾನೂ ಇಣುಕಿದಳು. ಆಮೇಲೆ ಅಂಗೈ ಚಾಚಿದಳು.

ಅಂದು ಸುಳ್ಳು ಹೇಳಿ ಕೀಲಿ ಕಳೆದುಕೊಂಡಿದ್ದೆ. ಇಂದು ನಿಜ ಹೇಳಿ ಕೊಟ್ಟೆ.